ಕ್ಲಿಪ್ ಬಿಚ್ಚಿದ ಮರುದಿನ

ಹಲ್ಲಿಗೆ ಕ್ಲಿಪ್ ಹಾಕಿಸಲಿಕ್ಕೆ ಎಷ್ಟಾಗುತ್ತೆ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಎಲ್ಲರೂ ಕೇಳುವುದು ಅದನ್ನೇ. ನಾನು ಕೆಲಸ ಬಿಟ್ಟ ವರ್ಷ ಬಳ್ಳಾರಿ ಗಾಂಧಿನಗರದ ನಮ್ಮ ಕ್ಲಿನಿಕ್ಕಿನಲ್ಲಿ ಸ್ಟೀಲಿನ ಕ್ಲಿಪ್ಪಿಗೆ ಮೂವತ್ತೈದು ಸಾವಿರ, ಹಲ್ಲಿನ ಬಣ್ಣದ್ದಕ್ಕೆ ಐವತ್ತು. ಇಷ್ಟು ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು. ಹಲ್ಲಿನ ಮೇಲೆ ಅಂಟಿಸುವ ಅಕ್ಕಿಕಾಳಿನಷ್ಟು ಬಿಲ್ಲೆಗಳು, ಅವುಗಳ ಮೇಲೆ ಹಾಯಿಸುವ ತಂತಿ, ಇವಕ್ಕೆ ಹೋಗುವುದು ಸಣ್ಣ ಪಾಲು. ದೊಡ್ಡ ಪಾಲು ಹೋಗುವುದು ಸಮಯಕ್ಕೆ. ತಿಂಗಳಿಗೊಮ್ಮೆಯಂತೆ ಒಂದೂವರೆ, ಎರಡು ವರ್ಷ ಒಬ್ಬ ಡಾಕ್ಟರು ನಿಮ್ಮ ಬಾಯಿ ನೋಡಿ, ಈ ಹಲ್ಲು ಇಷ್ಟು ಸರಿದಿದೆ, ಇನ್ನೂ ಇಷ್ಟು ಸರಿಯಬೇಕು ಅಂತ ಲಕ್ಷ್ಯ ಇಡಬೇಕಲ್ಲ, ಅದಕ್ಕೆ. ಎಲ್ಲದರ ಕೊನೆಗೆ ಒಂದು ಪ್ಲೇಟು. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಓಡಿಹೋಗದ ಹಾಗೆ ಹಿಡಿಯುವ, ಗಾಜಿನಂಥ ತೆಳುವಾದ ಒಂದು ಹೊದಿಕೆ. ಡಾಕ್ಟರು ರಿಟೇನರ್ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಅದು ಪ್ಲೇಟು.

ಈ ಪ್ಲೇಟನ್ನು ಒಂದು ಸಲ ನಾನು ಚೌಕಾಸಿಯಲ್ಲಿ ಬಿಟ್ಟುಕೊಟ್ಟೆ. ಅದರಿಂದ ರಾರಾವಿ ಅನ್ನುವ ಹಳ್ಳಿಯ ಒಂದು ಹುಡುಗಿಯ ನಗು ಮತ್ತೆ ಅಂಗೈ ಹಿಂದೆ ಹೋಗಿ ಅಡಗಿತು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಆದರೆ ಮಧ್ಯಾಹ್ನ ಉಂಡು ಫ್ಯಾನಿನ ಕೆಳಗೆ ಒರಗಿ ಕಣ್ಣು ಅರ್ಧ ಮುಚ್ಚಿದಾಗ ಎದುರಿಗೆ ಬಂದು ನಿಲ್ಲುವುದು ಅದೊಂದೇ ಅಂಗೈ.

ಈಗ ಕ್ಲಿನಿಕ್ಕುಗಳಲ್ಲಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಮನೆಗೆ ಬಂದು, ಅಕ್ಕಾ, ಮೊದಲು ಏನು ಕಲೀಬೇಕು ಅಂತ ಕೇಳುತ್ತಾರೆ. ಅವರಿಗೂ, ನಾಳೆ ಕ್ಲಿಪ್ ಹಾಕಿಸಿಕೊಳ್ಳಲಿರುವ ನಿಮಗೂ ಸೇರಿಸಿಯೇ ಇದನ್ನು ಬರೆದಿದ್ದೇನೆ.

ನಾನು ಕಲಿತು ಈ ಕೆಲಸಕ್ಕೆ ಬಂದವಳಲ್ಲ. ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ. ಒಂದು ದಿನ ದವಡೆ ಹಲ್ಲು ನೋವು ತಡೆಯಲಾರದೆ ಗಾಂಧಿನಗರದ ಈ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಹೊಸಬರು, ಮೈಸೂರು ಕಡೆಯವರು. ಹಲ್ಲು ಕೀಳಲಿಕ್ಕೆ ಇಷ್ಟು ಅಂದರು. ಒಂದು ಕೆನ್ನೆ ಊದಿಕೊಂಡಿದ್ದರೂ ಇನ್ನೊಂದು ಕಡೆಯಿಂದ ಮಾತಾಡಿ ಅರ್ಧಕ್ಕೆ ಇಳಿಸಿದೆ. ಅವರು ನಕ್ಕು, "ನಿಮ್ಮಂಥವರು ನನ್ನ ಎದುರಿಗೆ ಕೂರೋದಕ್ಕಿಂತ ನನ್ನ ಪಕ್ಕದಲ್ಲಿ ಕೂತ್ರೆ ಒಳ್ಳೇದು" ಅಂದರು. ಮುಂದಿನ ಸೋಮವಾರದಿಂದ ಪಕ್ಕದಲ್ಲೇ ಕೂತೆ. ಡಾಕ್ಟರಿಗೆ ದುಡ್ಡಿನ ಮಾತಾಡಲು ನಾಚಿಕೆ. ನನಗೆ ಇಲ್ಲ. ಕನ್ನಡ, ತೆಲುಗು, ಉರ್ದು, ಮೂರರಲ್ಲೂ ಚೌಕಾಸಿ ಮಾಡಬಲ್ಲೆ. ಹಾಗೆ ಕ್ಲಿನಿಕ್ಕಿನ ಮಾತುಕತೆಯೆಲ್ಲ ನನ್ನ ಪಾಲಿಗೆ ಬಂತು. ಜೊತೆಗೆ ಅಚ್ಚು ತೆಗೆಯುವುದು, ಪ್ಲಾಸ್ಟರ್ ಕಲಸುವುದು, ಸಾಮಾನು ಕುದಿಸುವುದು.

ಆಗ ಅಚ್ಚು ಅಂದರೆ ಗುಲಾಬಿ ಬಣ್ಣದ, ಪುದೀನ ವಾಸನೆಯ ಹಿಟ್ಟು. ನೀರಲ್ಲಿ ಕಲಸಿ, ತಟ್ಟೆಯಂಥ ಒಂದರಲ್ಲಿ ತುಂಬಿ, ಬಾಯೊಳಗೆ ಇಟ್ಟು ಎರಡು ನಿಮಿಷ ಒತ್ತಿ ಹಿಡಿಯಬೇಕು. ಮಕ್ಕಳಿಗೆ ವಾಕರಿಕೆ ಬರುತ್ತಿತ್ತು. ನಾನು ಅವರ ಕಾಲ್ಬೆರಳು ಎಣಿಸಲು ಹೇಳುತ್ತಿದ್ದೆ. ಎಣಿಸುವಷ್ಟರಲ್ಲಿ ಹಿಟ್ಟು ಗಟ್ಟಿಯಾಗುತ್ತಿತ್ತು. ಆ ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದರೆ ಮುಕ್ಕಾಲು ಗಂಟೆಯಲ್ಲಿ ಒಬ್ಬರ ಬಾಯಿ ಬೆಳ್ಳಗೆ ಕೈಗೆ ಬರುತ್ತಿತ್ತು. ಅದನ್ನೂ ಅಚ್ಚು ಅಂತಲೇ ಅನ್ನುತ್ತಿದ್ದೆವು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಚಳಿಗಾಲದ ಬೆಳಗ್ಗೆ ನಾನು ಆ ಅಚ್ಚುಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದೆ. ಯಾರದೋ ಉಸಿರು ಕೈಯಲ್ಲಿ ಇದ್ದ ಹಾಗೆ ಅನಿಸುತ್ತಿತ್ತು.

ಹಿಂದಿನ ಕೋಣೆಯ ಕಪಾಟಿನ ತುಂಬ ಇಂಥ ಬಾಯಿಗಳು. ಕಿಟಕಿಯಿಂದ ಬಿಸಿಲು ಬಿದ್ದರೆ ಎಲ್ಲವೂ ಒಟ್ಟಿಗೆ ಏನೋ ಹೇಳಲು ಹೊರಟು ನಿಲ್ಲಿಸಿದ ಹಾಗೆ. ಯಾರದು ಯಾವುದು ಅಂತ ಹೆಸರು ನೋಡದೆ ಹೇಳಬಲ್ಲೆ ಅನ್ನುವ ಸೊಕ್ಕು ನನಗೆ ಬೇಗ ಬಂತು. ಆ ಸೊಕ್ಕು ಇಳಿದದ್ದೂ ಬೇಗ. ಒಂದು ದಿನ ಇಬ್ಬರು ಹುಡುಗರ ಅಚ್ಚು ತೆಗೆದಿದ್ದೆ. ಇಬ್ಬರ ಹೆಸರೂ ಹೊನ್ನೂರಸ್ವಾಮಿ. ಒಬ್ಬ ಕುರುಗೋಡಿನವನು, ಒಬ್ಬ ಇಲ್ಲಿಯವನು. ನಾನು ಹೆಸರು ಮಾತ್ರ ಬರೆದು ಇಟ್ಟೆ. ಪ್ಲೇಟು ತಯಾರಾದಾಗ ಇವನದು ಅವನಿಗೆ, ಅವನದು ಇವನಿಗೆ. ಕುರುಗೋಡಿನ ಹುಡುಗ ಪ್ಲೇಟು ಬಾಯಿಗೆ ಇಟ್ಟುಕೊಂಡು, "ಅಕ್ಕಾ, ಇದು ನಂದಲ್ಲ ಬಿಡ್ರಿ, ಯಾರದೋ ಚಪ್ಪಲಿ ಮೆಟ್ಟಿದಂಗ ಆಗೈತಿ" ಅಂದ. ಆಮೇಲೆ ಹೆಸರಿನ ಪಕ್ಕ ಊರು, ಮನೆತನ, ತಂದೆಯ ಹೆಸರು, ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದೆ. ಹೊಸಬರು ಇದನ್ನು ಮರೆಯಬೇಡಿ. ನಮ್ಮ ಜಿಲ್ಲೆಯಲ್ಲಿ ಹೊನ್ನೂರಸ್ವಾಮಿಗಳು ಬಹಳ.

ಈಗ ಹಿಟ್ಟೂ ಇಲ್ಲ, ವಾಕರಿಕೆಯೂ ಇಲ್ಲ. ಪೆನ್ನಿನಂಥ ಒಂದು ಕ್ಯಾಮೆರಾ ಬಾಯೊಳಗೆ ಆಡಿಸಿದರೆ ಹಲ್ಲೆಲ್ಲ ಕಂಪ್ಯೂಟರಿನಲ್ಲಿ ತಿರುಗುತ್ತವೆ. ಒಳ್ಳೆಯದೇ. ಆದರೆ ಅವು ಕೈಗೆ ಬೆಚ್ಚಗಾಗುವುದಿಲ್ಲ.

ಗುರುವಾರ ಕುರುಗೋಡು, ಭಾನುವಾರ ಸಿರುಗುಪ್ಪ. ಅಲ್ಲಿನ ಹಲ್ಲಿನ ಡಾಕ್ಟರುಗಳ ಕೋಣೆಯಲ್ಲಿ ನಮ್ಮ ಡಾಕ್ಟರು ಒಂದು ದಿನ ಕ್ಲಿಪ್ ಕೆಲಸ ಮಾಡಿ ಬರುತ್ತಿದ್ದರು. ಸಾಮಾನಿನ ಟ್ರಂಕು ನನ್ನ ತೊಡೆಯ ಮೇಲೆ. ಕುರುಗೋಡಿನಲ್ಲಿ ಕರೆಂಟು ಹೋದರೆ ಅಂಟು ಗಟ್ಟಿಮಾಡುವ ನೀಲಿ ಬೆಳಕಿನ ಯಂತ್ರ ಸುಮ್ಮನಾಗುತ್ತಿತ್ತು. ಬಾಯಿ ತೆರೆದು ಕೂತವರನ್ನು ಮುಚ್ಚಿ ಅನ್ನುವ ಹಾಗಿಲ್ಲ, ಉಗುಳು ತಾಗಿದರೆ ಬಿಲ್ಲೆ ನಿಲ್ಲುವುದಿಲ್ಲ. ಹತ್ತಿ ಇಟ್ಟು ಕಾಯುತ್ತಿದ್ದೆವು. ಸ್ಟೀಲಿನ ತಟ್ಟೆಯಿಂದ ಬಿಸಿಲು ಹಾರಿ ಮಾಳಿಗೆಯ ಕೆಳಗೆ ನೀರಿನ ಹಾಗೆ ಆಡುತ್ತಿತ್ತು. ರೋಗಿ ಅದನ್ನೇ ನೋಡುತ್ತ ಮಲಗಿರುತ್ತಿದ್ದರು. ಕಿಟಕಿಯಾಚೆ ಗುಡ್ಡದ ಬಂಡೆಗಳು, ಒಂದರ ಮೇಲೊಂದು, ಒಂದಕ್ಕೊಂದು ಒರಗಿ, ಅಡ್ಡಾದಿಡ್ಡಿ. ಡಾಕ್ಟರು ಅವನ್ನು ಬಹಳ ಹೊತ್ತು ನೋಡುತ್ತಿದ್ದರು. ಒಮ್ಮೆ ಅಂದರು, "ರತ್ನಮ್ಮ, ಇವನ್ನ ಮಾತ್ರ ನಾನು ಮುಟ್ಟೋದಿಲ್ಲ. ಹೀಗೇ ಚೆನ್ನಾಗಿವೆ."

ಸಿರುಗುಪ್ಪದ ದಾರಿ ಬೇರೆ ತರ. ಮುಂಜಾನೆ ಕಾಲುವೆಯ ಮೇಲೆ ಹೊಗೆಯಂಥ ಮಂಜು, ಎರಡೂ ಕಡೆ ಗದ್ದೆ, ಗದ್ದೆಯ ನೀರಲ್ಲಿ ಆಕಾಶ. ಕಾರಿನಲ್ಲಿ ನಾನು ತೂಕಡಿಸುತ್ತಿದ್ದೆ. ಸಸಿ ನಾಟಿ ಮಾಡುವ ಹೆಂಗಸರ ಬಣ್ಣದ ಸೀರೆಗಳು ಕಣ್ಣೊಳಗೆ ಬಂದು ಹೋಗುತ್ತಿದ್ದವು. ಡಾಕ್ಟರು ಒಂದು ಕಡೆ ಕಾರು ನಿಲ್ಲಿಸಿ, "ಮಡಿಯಿಂದ ಕಿತ್ತ ಸಸೀನ ಇಲ್ಲಿ ನೆಟ್ಟಮೇಲೆ ಎಷ್ಟು ದಿನಕ್ಕೆ ಬೇರು ಹಿಡಿಯುತ್ತೆ?" ಅಂತ ಕೇಳಿದರು. ನನಗೆ ತಿಳಿಯದು, ನಾನು ಪೇಟೆಯವಳು. "ನಾವು ಮಾಡೋದೂ ಇದೇ" ಅಂದರು. "ಹಲ್ಲು ಸರಿಸೋದು ಸುಲಭ. ಸರಿದ ಜಾಗದಲ್ಲಿ ಎಲುಬು ಅದನ್ನ ಹಿಡಿಯೋವರೆಗೆ ಕಾಯೋದು ಕಷ್ಟ." ನಾನು ಹೂಂ ಅಂದೆ. ಮತ್ತೆ ತೂಕಡಿಸಿದೆ. ಆ ಮಾತು ನನಗೆ ಉಪಯೋಗಕ್ಕೆ ಬರಬೇಕಾದ ದಿನ ನೆನಪಾಗಲಿಲ್ಲ.

ಪವಿತ್ರಾ ಬಂದದ್ದು ಅಂಥ ಒಂದು ಭಾನುವಾರ. ಜೊತೆಗೆ ತಂದೆ ಮಲ್ಲಣ್ಣ, ಅಜ್ಜಿ ಹಂಪಮ್ಮ. ರಾರಾವಿಯಲ್ಲಿ ಹೊಳೆಯ ಹತ್ತಿರ ನಾಲ್ಕೆಕರೆ ಭತ್ತದ ಗದ್ದೆ, ಚೆನ್ನಾಗಿ ಬದುಕುವ ಮಂದಿ. ಹುಡುಗಿ ಪಿಯುಸಿ ಮೊದಲ ವರ್ಷ, ಮುಗಿಸಿ ಶಿಕ್ಷಕರ ತರಬೇತಿಗೆ ಸೇರುವವಳು. ಕೋರೆಹಲ್ಲು ಎರಡೂ ಮೇಲೆ ಏರಿ, ಮುಂದಿನ ಹಲ್ಲು ಒಂದರ ಮೇಲೊಂದು. ಆದರೆ ನನಗೆ ಮೊದಲು ಕಂಡದ್ದು ಹಲ್ಲಲ್ಲ, ಕೈ. ಮಾತಾಡುವಾಗ, ನಗುವಾಗ, ನಮಸ್ಕಾರ ಮಾಡುವಾಗಲೂ ಬಲಗೈ ಬಾಯಿಗೆ ಹೋಗುತ್ತಿತ್ತು. ಮಲ್ಲಣ್ಣನೇ ಹೇಳಿದ. "ಮುಂದ ಸಣ್ಣ ಮಕ್ಕಳಿಗೆ ಪಾಠ ಮಾಡಬೇಕಲ್ಲಕ್ಕಾ. ಕೈ ಅಡ್ಡ ಇಟ್ಕೊಂಡು ಮಾತಾಡಿದ್ರ ಹಿಂದಿನ ಸಾಲಿಗೆ ಏನ್ ಕೇಳ್ತೈತಿ? ಕಾಲೇಜಿನ ಮೇಡಂ ಹೇಳ್ಯಾರ, ಹಿಂಗ ಆದ್ರ ನಿನಗ ಪಾಠ ಮಾಡಾಕ ಬರಂಗಿಲ್ಲ ಅಂತ."

ಹುಡುಗಿ ಕೈ ಹಿಂದಿನಿಂದಲೇ, "ನನಗ ಒಂದನೇ ಕ್ಲಾಸಿನ ಮಕ್ಕಳಿಗೆ ಕಲಿಸಬೇಕಂತ ಭಾಳ ಆಸೆ ಐತ್ರಿ" ಅಂದಳು.

ಡಾಕ್ಟರು ಎಕ್ಸರೇ ನೋಡಿ, ಜಾಗ ಮಾಡಲು ನಾಲ್ಕು ಹಲ್ಲು ತೆಗೆಯಬೇಕು ಅಂದರು. ಹಂಪಮ್ಮನಿಗೆ ಸಿಟ್ಟು ಬಂತು. "ಹಲ್ಲಿನ ಮ್ಯಾಲೆ ಹಲ್ಲು ಇದ್ರ ಅದೃಷ್ಟ. ಅದೂ ಗಟ್ಟಿ ಹಲ್ಲು ಕೀಳಾಕ ನೀವೇನು ಗದ್ದ್ಯಾಗಿನ ಕಳೆ ತಗ್ಯಾಕ ಹತ್ತೀರೇನು?" ಅಂದಳು. ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ಕಿತ್ತ ನಾಲ್ಕೂ ಹಲ್ಲು ತನ್ನ ಕೈಗೆ ಕೊಡಬೇಕು. ಹಾಲುಹಲ್ಲು ಬಿದ್ದಾಗ ಮಾಡಿದ ಹಾಗೆ ಸಗಣಿಯಲ್ಲಿಟ್ಟು ಮನೆಯ ಮಾಳಿಗೆ ಮೇಲೆ ಎಸೆಯಬೇಕು. ನಾನು ತೊಳೆದು, ಬಿಳಿ ಕಾಗದದಲ್ಲಿ ಕಟ್ಟಿ ಕೊಟ್ಟೆ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆಮೇಲೆ ಮಲ್ಲಣ್ಣ ಮತ್ತು ನಾನು. ಭತ್ತದ ಧಾರಣೆ ಮಾತಾಡಿ ಪಳಗಿದ ಮನುಷ್ಯ. ನನಗೂ ಬಹಳ ದಿನದ ಮೇಲೆ ಸರಿಯಾದ ಜೋಡಿ ಸಿಕ್ಕ ಸಂತೋಷ.

"ಕಡೀ ಮಾತು ಹೇಳಕ್ಕಾ."

"ಇದ ಕಡೀ ಮಾತು ಅಣ್ಣಾ."

"ಕಡೀ ಮಾತು ಅಂದ್ಮ್ಯಾಲೆ ಇನ್ನೊಂದು ಕಡೀ ಮಾತು ಇರತೈತಿ. ನಾನೂ ವ್ಯಾಪಾರ ಮಾಡೀನಿ."

"ಹಂಗಾದ್ರ ನಿನ್ನ ಭತ್ತ ನನಗ ಅರ್ಧಾ ರೇಟಿಗೆ ಹಾಕು, ನೋಡೋಣ."

"ಹಾಕ್ತೀನಿ. ತೌಡು ತಗೋ." ಹಂಪಮ್ಮ ಕೂಡ ನಕ್ಕಳು.

ಹೀಗೆ ಅರ್ಧ ಗಂಟೆ. ಅವನು ಎದ್ದು ಹೊರಡುವ ಆಟ ಎರಡು ಸಲ ಆಡಿದ. ನಾನು ಫೈಲು ಮುಚ್ಚುವ ಆಟ ಎರಡು ಸಲ ಆಡಿದೆ. ಮೂರನೇ ಸಲ ಅವನು ನಿಜವಾಗಿ ಬಾಗಿಲ ತನಕ ಹೋದ. ಸೋಲಬಾರದು ಅಂತ ನಾನು ಕೊನೆಯ ಪ್ಲೇಟನ್ನು ಪಟ್ಟಿಯಿಂದ ಹೊಡೆದು ಹಾಕಿ, "ಬಾ ಅಣ್ಣಾ, ಅದು ಬ್ಯಾರೆ ಲೆಕ್ಕ. ಎರಡು ವರ್ಷ ಆದ್ಮ್ಯಾಲೆ ಬೇಕಾದ್ರ ಮಾಡಿಸು" ಅಂದೆ. ಕೈ ಕುಲುಕಿದೆವು. ಇಬ್ಬರೂ ಗೆದ್ದೆವು ಅಂದುಕೊಂಡೆವು.

"ಬೇಕಾದ್ರ" ಅನ್ನುವ ಮಾತು ನನ್ನ ಬಾಯಿಂದ ಬಂದದ್ದು. ಅದನ್ನು ಇವತ್ತಿಗೂ ಯಾರ ಮೇಲೂ ಹಾಕಲಾರೆ.

ಎರಡು ವರ್ಷ ಪವಿತ್ರಾ ಒಂದು ತಿಂಗಳೂ ತಪ್ಪಿಸಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ತಂತಿ ಬಿಗಿ ಮಾಡಿದ ಮೇಲೆ ಮೂರು ನಾಲ್ಕು ದಿನ ಹಲ್ಲು ಮುಟ್ಟಿದರೆ ನೋವು, ಆಮೇಲೆ ಮರೆತು ಹೋಗುತ್ತದೆ. ಗಂಜಿ, ಅನ್ನ ಸಾರು ನಡೆಯುತ್ತದೆ. ಕಡಕ್ ರೊಟ್ಟಿ ಬೇಡ, ತಿನ್ನಲೇಬೇಕು ಅಂದರೆ ಸಾರಿನಲ್ಲಿ ಅದ್ದಿ ಮೆತ್ತಗೆ ಮಾಡಿ. ಕಬ್ಬು ಜಗಿಯಬೇಡಿ. ಇದನ್ನು ಕೇಳದವರ ಬಿಲ್ಲೆಗಳು ನನ್ನ ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬ ಇದ್ದವು. ಜೀನ್ಸ್ ಯೂನಿಟ್ಟಿನ ಒಬ್ಬ ಟೇಲರು, ಹಳೆಯ ಪರಿಚಯ, ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದೆ ಅಂತ ದಾರ ಕತ್ತರಿಸುವ ಕಟ್ಟರಿನಿಂದ ತಾನೇ ಕತ್ತರಿಸಿಕೊಂಡಿದ್ದ. ತಂತಿ ಒಂದು ಕಡೆಯಿಂದ ಜಾರಿ ಇನ್ನೊಂದು ಕಡೆ ಚುಚ್ಚಿತು. ಅದನ್ನೂ ಕತ್ತರಿಸಿದ. ಬರುವಾಗ ಅವನ ಬಾಯಲ್ಲಿ ತಂತಿಯೇ ಉಳಿದಿರಲಿಲ್ಲ. "ಯಾಕೋ ಯಪ್ಪಾ, ಫೋನ್ ಮಾಡಬಾರದಿತ್ತಾ" ಅಂದರೆ, "ಇಷ್ಟಕ್ಕ ನಿಮಗ್ಯಾಕ ತೊಂದ್ರಿ ಅಂದ್ಕೊಂಡೆ ಅಕ್ಕಾ" ಅಂದ. ಚುಚ್ಚಿದರೆ ಕ್ಲಿನಿಕ್ಕಿನಲ್ಲಿ ಕೊಟ್ಟ ಮೇಣ ಹಚ್ಚಿ, ಡಾಕ್ಟರಿಗೆ ಫೋನ್ ಮಾಡಿ. ಕತ್ತರಿ ಟೇಲರಿಗೆ ಬಿಡಿ.

ಹಲ್ಲು ಸರಿಯುವುದನ್ನು ಯಾರೂ ಕಣ್ಣಾರೆ ನೋಡುವುದಿಲ್ಲ. ನೆರಳು ಸರಿದ ಹಾಗೆ ಅದು. ಒಂದು ಭಾನುವಾರ ಕೋರೆಹಲ್ಲು ಇಲ್ಲಿರುತ್ತದೆ, ಇನ್ನೊಂದು ಭಾನುವಾರ ಕೂದಲೆಳೆಯಷ್ಟು ಕೆಳಗೆ. ಆದರೆ ಕೈ ಇಳಿಯುವುದನ್ನು ನಾನು ನೋಡಿದೆ. ಮೊದಲು ಬಾಯಿಯ ಮೇಲೆ, ಮುಂದೆ ಗಲ್ಲದ ಹತ್ತಿರ, ಮುಂದೆ ಕತ್ತಿನ ಸರದ ಮೇಲೆ. ಕ್ಲಿಪ್ ಬಿಚ್ಚಿದ ದಿನ ಅವಳು ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ, "ಗಾಜಿನ ಮ್ಯಾಲೆ ಜಾರಿದಂಗ ಆಗತೈತಿ" ಅಂದು ನಕ್ಕಳು. ಎರಡೂ ಕೈ ಕುರ್ಚಿಯ ಮೇಲೆ ಇದ್ದವು. ಡಾಕ್ಟರು ನನ್ನ ಕಡೆ ತಿರುಗಿ, "ಪ್ಲೇಟಿಗೆ ಅಚ್ಚು ತಗೊಳ್ಳಿ" ಅಂದು ಒಳಗೆ ಇನ್ನೊಬ್ಬ ರೋಗಿಯ ಹತ್ತಿರ ಹೋದರು.

ಮಲ್ಲಣ್ಣ ಅಂದ, "ಅಕ್ಕಾ, ಅದು ಬೇಕಾದ್ರ ಅಂದಿದ್ದಿ. ಹಲ್ಲು ಎಲ್ಲಾ ನೆಟ್ಟಗಾಗ್ಯಾವ. ಇನ್ಯಾಕ?"

ಬೇಕು ಅಂದೆ ನಾನು. ಆದರೆ ಬೇಕೇ ಬೇಕು ಅನ್ನಲಿಲ್ಲ. ನಾನೇ ಹೊಡೆದು ಹಾಕಿದ್ದನ್ನು ಈಗ ಬೇಕೇ ಬೇಕು ಅಂದರೆ ಆವತ್ತು ಮೋಸ ಮಾಡಿದ ಹಾಗೆ ಕಾಣುತ್ತದೆ ಅಂತ ನಾಲಿಗೆ ಹಿಂದೆಗೆಯಿತು. "ಮುಂದಿನ ವಾರ ಬಂದು ಮಾಡಿಸ್ಕೊಂಡು ಹೋಗ್ರಿ" ಅಂದೆ. ಅವರು ಬರಲಿಲ್ಲ. ನಾನು ಒಂದು ಸಲ ಫೋನ್ ಮಾಡಿದೆ, ನಾಟಿ ಕೆಲಸ ಐತಿ ಅಂದರು. ಮತ್ತೆ ಮಾಡಲಿಲ್ಲ. ಡಾಕ್ಟರು ಕೇಳಿದಾಗ, ಬರ್ತಾರೆ ಸಾರ್ ಅಂದೆ.

ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ಗಾಂಧಿನಗರದ ಕ್ಲಿನಿಕ್ಕಿನ ಬಾಗಿಲಲ್ಲಿ ಪವಿತ್ರಾ ಒಬ್ಬಳೇ ನಿಂತಿದ್ದಳು. ಹೊರಗಿನ ಬಿಸಿಲು ಕಣ್ಣಿಗೆ ಹೊಡೆದು ಮುಖ ಕಾಣುತ್ತಿರಲಿಲ್ಲ. ಕೈ ಕಂಡಿತು. ಅದು ಬಾಯಿಯ ಮೇಲಿತ್ತು.

"ಅಕ್ಕಾ, ಬರೋ ತಿಂಗಳು ಟ್ರೈನಿಂಗಿನಾಗ ನನ್ನ ಪಾಠ ಐತಿ. ಕ್ಲಾಸಿನ ಮುಂದ ನಿಂದ್ರಬೇಕು. ಹಲ್ಲು ಮತ್ತ ಹಂಗ ಆಗಾಕ ಹತ್ಯಾವ."

ಡಾಕ್ಟರು ನೋಡಿದರು. ಬೇರೆಯವರಿಗೆ ಕಾಣುವಷ್ಟು ದೊಡ್ಡದಲ್ಲ, ಮುಂದಿನ ಎರಡು ಹಲ್ಲು ತಿರುಗಿವೆ, ಒಂದು ಕೋರೆಹಲ್ಲು ಹೊರಗೆ ಸರಿದಿದೆ. ಮುಂದಿನ ಆರು ಹಲ್ಲಿಗೆ ಮತ್ತೆ ಬಿಲ್ಲೆ, ಏಳೆಂಟು ತಿಂಗಳು ಅಂದರು. ಹುಡುಗಿ ತಲೆಯಾಡಿಸಿದಳು. "ಬ್ಯಾಡ್ರಿ. ಮತ್ತ ತಂತಿ ಹಾಕ್ಕೊಂಡು ಮಕ್ಕಳ ಮುಂದ ನಿಂದ್ರೂದು ನನ್ನ ಕೈಲಿ ಆಗಂಗಿಲ್ಲ. ಅಪ್ಪಗೂ ಹೇಳಾಕ ಆಗಂಗಿಲ್ಲ. ನಾನು ಟ್ರೈನಿಂಗ ಬಿಟ್ಟುಬಿಡ್ತೀನಿ." ಎದ್ದು ಹೋದಳು.

ಡಾಕ್ಟರು ಫೈಲು ತೆರೆದು ಹೊಡೆದು ಹಾಕಿದ ಗೆರೆಯನ್ನು ನೋಡಿದರು. ಅದು ನನ್ನ ಪೆನ್ನಿನದು, ಅವರಿಗೆ ಗೊತ್ತು.

"ಇದನ್ನ ನನಗೆ ಯಾಕೆ ಹೇಳಲಿಲ್ಲ, ರತ್ನಮ್ಮ?"

"ಗಿರಾಕಿ ಕೈಬಿಟ್ಟು ಹೋಗ್ತಾನಂತ ಅನಿಸಿತು ಸಾರ್."

"ಹೋಗಲಿ ಅಂತ ಬಿಡಬೇಕಿತ್ತು. ಇಲ್ಲಾ ನನ್ನ ಫೀಸಿನಲ್ಲಿ ಬಿಡಬೇಕಿತ್ತು. ನನ್ನ ಫೀಸು ಕಮ್ಮಿ ಆದರೆ ಹಲ್ಲಿಗೆ ಏನೂ ಆಗೋದಿಲ್ಲ."

ಅಷ್ಟೇ ಅಂದದ್ದು. ಬೈದಿದ್ದರೆ ಒಳ್ಳೆಯದಿತ್ತು. ಆವತ್ತು ಹಿಂದಿನ ಕೋಣೆಗೆ ಹೋಗಿ ಕಪಾಟಿನಿಂದ ಅವಳ ಅಚ್ಚು ತೆಗೆದೆ. ಕ್ಲಿಪ್ ಹಾಕುವ ಮೊದಲಿನದು, ಬಿಚ್ಚಿದ ದಿನದ್ದು. ಬಿಚ್ಚಿದ ದಿನ ಅಚ್ಚು ಮಾತ್ರ ತೆಗೆದಿಟ್ಟಿದ್ದೆ, ಬೇಕಾದರೆ ಇರಲಿ ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂತೆ. ಬಿಸಿಲು ಇಳಿಯುವವರೆಗೆ ಅವು ನನ್ನನ್ನು ನೋಡುತ್ತಿದ್ದವು.

ಮರುದಿನ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ, ಅಲ್ಲಿಂದ ರಾರಾವಿಗೆ. ಚೀಲದಲ್ಲಿ ಎರಡು ಅಚ್ಚು. ದಾರಿಯುದ್ದಕ್ಕೂ ಅದೇ ಗದ್ದೆ, ಅದೇ ನೀರಿನ ಆಕಾಶ. ಆದರೆ ಆವತ್ತು ತೂಕಡಿಕೆ ಬರಲಿಲ್ಲ. ಊರಿನ ಹತ್ತಿರ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ. ನೋಡುತ್ತ ನಿಂತರೆ ಒಂದು ಒಣಗಿದ ಎಲೆ ನಿಧಾನವಾಗಿ ಈ ಕಲ್ಲಿನಿಂದ ಆ ಕಲ್ಲಿಗೆ ಹೋಗಿರುತ್ತಿತ್ತು.

ಹಂಪಮ್ಮ ಕಟ್ಟೆಯ ಮೇಲೆ ಅವರೆ ಸುಲಿಯುತ್ತಿದ್ದಳು. "ಯವ್ವಾ, ಪ್ಯಾಟಿ ಅಕ್ಕ ಹಳ್ಳಿಗೆ ಬಂದ್ಳಲ್ಲ, ಏನ್ ರೇಟ್ ಮಾತಾಡಾಕ ಬಂದಿ?" ಅಂದಳು. ಮಲ್ಲಣ್ಣ ಗದ್ದೆಯಿಂದ ಕೆಸರು ಕಾಲಲ್ಲೇ ಬಂದ. ಪವಿತ್ರಾ ಬಾಗಿಲ ಹಿಂದೆ. ನಾನು ಅಚ್ಚುಗಳನ್ನು ಕಟ್ಟೆಯ ಮೇಲೆ ಇಟ್ಟು ಎಲ್ಲವನ್ನೂ ಹೇಳಿದೆ. ಪ್ಲೇಟು ಬೇಕೇ ಬೇಕಿತ್ತು, ನಾನು ಗೆಲ್ಲಲಿಕ್ಕೆ ಬಿಟ್ಟೆ, ಆಮೇಲೆ ಹೇಳಲಿಕ್ಕೆ ನಾಚಿದೆ. ತಪ್ಪು ಹುಡುಗಿಯದೂ ಅಲ್ಲ, ನಿನ್ನದೂ ಅಲ್ಲ.

ಮಲ್ಲಣ್ಣ ಕಟ್ಟೆಯ ಅಂಚಿನಲ್ಲಿ ಕೂತ. "ಕಮ್ಮಿ ಮಾಡು ಅಂದಾವ ನಾನ ಅಲ್ಲೇನಕ್ಕಾ" ಅಂದ.

"ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

"ಮಾಡಿದ್ದು ಎರಡು ವರ್ಷ, ಕೆಟ್ಟಿದ್ದು ಹನ್ನೊಂದು ತಿಂಗಳು. ಅದ್ಹೆಂಗ?"

ಆಗ ನೆನಪಾಯಿತು ಡಾಕ್ಟರ ಮಾತು. "ಮಡಿಯಿಂದ ಸಸಿ ಕಿತ್ತು ನೆಟ್ಟ ದಿನಾನ ಗದ್ದಿ ನೀರು ಜೋರಾಗಿ ಬಿಟ್ರ ಏನಾಗತೈತಿ?" ಅಂತ ಕೇಳಿದೆ.

"ತೇಲಿ ಹೋಗ್ತಾವ. ಬೇರು ಹಿಡಿಯೂ ಮಟ ಕಾಯಬೇಕು."

ಹೇಳಿದ ಮೇಲೆ ತಾನೇ ಅಚ್ಚಿನ ಕಡೆ ನೋಡಿದ.

ಹಂಪಮ್ಮ ಮಾಳಿಗೆಯ ಕಡೆ ಗಲ್ಲ ಎತ್ತಿದಳು. "ಆ ನಾಕು ಅಲ್ಲೇ ಮ್ಯಾಲೆ ಅದಾವ. ಮನ್ಯಾಗಿನ ನಾಕು ಮಂದಿ ಹೊರಗ ಹೋದ್ರ ಉಳಿದವ್ರು ಕಾಲು ಚಾಚಿ ಕುಂದ್ರತಾರ. ಹಲ್ಲೂ ಹಂಗ. ಅವನ್ನ ಯಾರಾದ್ರೂ ಗದರಸಬೇಕಿತ್ತು." ಆಮೇಲೆ ಬಾಗಿಲ ಕಡೆ ತಿರುಗಿ, "ಲೇ ಪವಿ, ಹೊರಗ ಬಾ. ಹಲ್ಲಿಗೆ ಹೆದರಿ ಸಾಲಿ ಬಿಡ್ತಾರೇನು?" ಅಂದಳು.

ಹುಡುಗಿ ಬಂದು ಅಚ್ಚು ಕೈಗೆ ತೆಗೆದುಕೊಂಡಳು, ಚೆನ್ನಾಗಿದ್ದಾಗಿನದು. ಅದರ ಹಲ್ಲುಗಳ ಮೇಲೆ ಬೆರಳು ಆಡಿಸಿದಳು. "ಇದು ನಂದೇನು?" ಅಂದಳು. ಅವಳು ಅದನ್ನು ನೋಡಿಯೇ ಇರಲಿಲ್ಲ. ನನ್ನ ಚೌಕಾಸಿಯ ಜೀವಮಾನದಲ್ಲಿ ಅತಿ ಕಷ್ಟದ್ದು ಮುಂದಿನ ಒಂದು ಗಂಟೆ. ಅಲ್ಲಿ ಇಳಿಸಲು ರೇಟು ಇರಲಿಲ್ಲ, ಹಿಡಿದು ಕೂರಲು ಫೈಲು ಇರಲಿಲ್ಲ. ಎಂಟು ತಿಂಗಳು ಕೊಡು ಅಂತ ಕೇಳುವುದು ಮಾತ್ರ. ಅವಳು ಬೇಡ ಅಂದಳು, ನಾನು ಮತ್ತೆ ಕೇಳಿದೆ. ಕೊನೆಗೆ, "ಮಕ್ಕಳು ನಕ್ರ?" ಅಂದಳು. "ನಗಬಹುದು ಯವ್ವಾ" ಅಂದೆ. ಯಾಕೋ ಆ ಮಾತಿಗೇ ಅವಳು ಹೂಂ ಅಂದಳು.

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ, ಬಿಲ್ಲೆ, ತಂತಿಯ ಖರ್ಚು ನನ್ನ ಸಂಬಳದಲ್ಲಿ ಹಿಡಿಯಿರಿ ಅಂದೆ. ಡಾಕ್ಟರು ಅರ್ಧ ಮಾತ್ರ ಅಂದರು. ನಾನು ಪೂರ್ತಿ ಅಂದೆ. "ನಿಮ್ಮ ಜೊತೆ ಚೌಕಾಸಿ ನನ್ನಿಂದಾಗೋದಿಲ್ಲ, ಅರ್ಧ ಅಂದ್ರೆ ಅರ್ಧ" ಅಂದರು. ಅದೊಂದೇ ಸಲ ಅವರು ನನ್ನನ್ನು ಗೆದ್ದದ್ದು.

ಪಾಠದ ದಿನ ನನಗೆ ಗೊತ್ತಿತ್ತು. ಕೆಲಸ ಮಾಡುತ್ತಿದ್ದರೂ ಮನಸ್ಸು ಸಿರುಗುಪ್ಪದ ಒಂದು ಶಾಲೆಯ ಕಿಟಕಿಯಲ್ಲಿ ನಿಂತಿತ್ತು. ಸಂಜೆ ಅವಳೇ ಫೋನ್ ಮಾಡಿ ಹೇಳಿದಳು. ಒಳಗೆ ಹೋಗಿ ನಿಂತಾಗ ಕೈ ಮೇಲಕ್ಕೆ ಹೊರಟಿತಂತೆ. ಆ ಕೈಯಲ್ಲಿ ಸೀಮೆಸುಣ್ಣ ಇತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಒಂದು ಹುಡುಗಿ ಕೇಳಿತಂತೆ, "ಮಿಸ್, ನಿಮ್ಮ ಹಲ್ಲಾಗ ಅದೇನ್ರಿ?"

"ಏನಂದಿ?" ಅಂತ ಕೇಳಿದೆ.

"ನೀವು ಪ್ರಾರ್ಥನಿಗೆ ನೆಟ್ಟಗ ನಿಂದ್ರಾಕ ಕಲಿಯಾಕ ಹತ್ತೀರಲ್ಲ, ನನ್ನ ಹಲ್ಲೂ ಕಲಿಯಾಕ ಹತ್ಯಾವ ಅಂದೆ. ಎಲ್ಲಾರೂ ನಕ್ರು ಅಕ್ಕಾ. ನಾನೂ ನಕ್ಕೆ." ಆಮೇಲೆ, "ಕೈ ಬೋರ್ಡಿನ ಮ್ಯಾಲಿತ್ತು" ಅಂದಳು.

ಎಂಟು ತಿಂಗಳಿಗೆ ಬಿಚ್ಚಿದೆವು. ಆವತ್ತು ಬಳ್ಳಾರಿಗೇ ಕರೆಸಿದ್ದೆ. ಬಾಯಿ ತೊಳೆಯುವ ಮೊದಲೇ ಅಚ್ಚು ತೆಗೆದೆ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ನಾನೇ ಒತ್ತಿ, ಅಂಚು ಕತ್ತರಿಸಿ, ಉಜ್ಜಿ, ಪ್ಲೇಟು ಅವಳ ಬಾಯಲ್ಲಿ ಕೂತ ಮೇಲೆಯೇ ಕ್ಲಿನಿಕ್ಕಿನ ಬಾಗಿಲು ದಾಟಲು ಬಿಟ್ಟೆ. ಈಗ ಅವಳು ಸಿರುಗುಪ್ಪದ ಹತ್ತಿರದ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಮೇಡಂ. ನಾನು ಕೆಲಸ ಬಿಡುವ ದಿನ ಡಾಕ್ಟರು ಕಪಾಟು ತೋರಿಸಿ, ಏನು ಬೇಕೋ ತಗೊಳ್ಳಿ ಅಂದರು. ಅವಳನ್ನು ಕೇಳಿ ಅವಳ ಮೂರು ಅಚ್ಚು ತಂದೆ, ಮೊದಲಿನದು, ಬಿಚ್ಚಿದ ದಿನದ್ದು, ಎರಡನೇ ಸಲ ಬಿಲ್ಲೆ ಅಂಟಿಸುವ ಮೊದಲು ತೆಗೆದ, ಮತ್ತೆ ಸರಿದಾಗಿನದು. ಕಿಟಕಿಯ ಹತ್ತಿರ ಇವೆ. ಮಧ್ಯಾಹ್ನದ ಜೋಂಪಿನಲ್ಲಿ ಅವು ಒಂದರೊಳಗೊಂದು ಕರಗಿ, ಹೊಳೆಯ ಮೇಲಿನ ಎಲೆಯ ಹಾಗೆ ಸರಿಯುತ್ತಿರುತ್ತವೆ.

ಇನ್ನು ನಿಮಗೆ. ಕ್ಲಿಪ್ ಹಾಕಿಸುವ ಮೊದಲು ಹಲ್ಲು ನೆಟ್ಟಗೆ ಮಾಡುವ ವಿಷಯವನ್ನೇ ಓದಿದ ಡಾಕ್ಟರೋ ಅಲ್ಲವೋ ಅಂತ ಕೇಳಿ, ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದನ್ನು ವಾಸಿ ಮಾಡಿಸಿ. ವಯಸ್ಸಾಯಿತು ಅಂತ ಹಿಂಜರಿಯಬೇಡಿ, ಮಕ್ಕಳ ಮದುವೆ ಮಾಡಿದವರೂ ನಮ್ಮಲ್ಲಿ ಹಾಕಿಸಿಕೊಂಡಿದ್ದಾರೆ. ಊಟವಾದ ಮೇಲೆಲ್ಲ ಬ್ರಷ್ ಮಾಡಿ, ಇಲ್ಲದಿದ್ದರೆ ಹಲ್ಲು ನೆಟ್ಟಗಾಗಿಯೂ ಬಿಲ್ಲೆಯ ಸುತ್ತ ಬಿಳಿ ಕಲೆ ಉಳಿಯುತ್ತದೆ. ಫೀಸಿನಲ್ಲಿ ಚೌಕಾಸಿ ಮಾಡಿ, ಧಾರಾಳವಾಗಿ ಮಾಡಿ, ಕಂತು ಕೇಳಿ. ಆದರೆ ಪಟ್ಟಿಯಿಂದ ಏನನ್ನಾದರೂ ತೆಗೆದು ಕಮ್ಮಿ ಮಾಡುತ್ತೇವೆ ಅಂದರೆ, ಏನು ತೆಗೆದಿರಿ ಅಂತ ಡಾಕ್ಟರ ಬಾಯಿಂದಲೇ ಕೇಳಿ. ನನ್ನಂಥವಳ ಬಾಯಿಂದ ಅಲ್ಲ.

ಪ್ಲೇಟನ್ನು ಡಾಕ್ಟರು ಹೇಳಿದಷ್ಟು ತಿಂಗಳು ಹಗಲೂ ರಾತ್ರಿ ಹಾಕಿ, ಆಮೇಲೆ ಮಲಗುವಾಗ ಹಾಕಿ, ಎಷ್ಟು ವರ್ಷ ಅಂತ ಎಣಿಸಬೇಡಿ. ಬಿಸಿನೀರಲ್ಲಿ ತೊಳೆಯಬೇಡಿ. ನಮ್ಮೂರ ಬೇಸಿಗೆಯಲ್ಲಿ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಸೊಟ್ಟಗಾಗುತ್ತದೆ. ಊಟಕ್ಕೆ ತೆಗೆದಾಗ ಕಾಗದದಲ್ಲಿ ಸುತ್ತಿಟ್ಟರೆ ಎಲೆಯ ಜೊತೆ ತಿಪ್ಪೆಗೆ ಹೋಗುತ್ತದೆ. ಡಬ್ಬಿಯಲ್ಲೇ ಇಡಿ. ಮತ್ತೆ ಮೊದಲನೇ ದಿನ, ಎಷ್ಟಾಗುತ್ತೆ ಅಂತ ಕೇಳುವ ಮೊದಲು ಇದೊಂದು ಮಾತು ಕೇಳಿ: ಕ್ಲಿಪ್ ಬಿಚ್ಚಿದ ಮರುದಿನ ನನ್ನ ಹಲ್ಲನ್ನು ಯಾವುದು ಹಿಡಿದಿರುತ್ತದೆ? ಅದನ್ನು ತೋರಿಸಿ, ಕೈಯಲ್ಲಿ ಕೊಟ್ಟು ಹೇಳುವವರ ಹತ್ತಿರ ಬಾಯಿ ತೆರೆಯಿರಿ.